ನಲ್ಲಿ ನಿಂತ ಮನೆಯಲ್ಲಿ ಡಯಾಲಿಸಿಸ್

ಗಿರಿಜಾಳ ಕಾಲುಂಗುರ ಬಿಗಿಯಾಗತೊಡಗಿದ್ದು ಕಾಫಿ ಹೂವಾಗುವ ಕಾಲದಲ್ಲಿ. ಸೋಪು ಹಚ್ಚಿ ತೆಗೆಯಲು ನೋಡಿದಳು. ಬರಲಿಲ್ಲ. ಕೊನೆಗೆ ಮೂಡಿಗೆರೆಯ ಅಕ್ಕಸಾಲಿಗರ ಅಂಗಡಿಯಲ್ಲಿ ಕತ್ತರಿಸಿ ತೆಗೆಸಿಕೊಂಡು ಬಂದಳು. ಆಮೇಲೆ ಪಾದ ಊದಿತು. ಆಮೇಲೆ ಕಣ್ಣಿನ ಕೆಳಗೆ. ಬೆಳಿಗ್ಗೆ ಎದ್ದಾಗ ಅವಳ ಮುಖ ಬೇರೆ ಯಾರದ್ದೋ ಅನ್ನಿಸುತ್ತಿತ್ತು. ಬಿ.ಪಿ. ಮಾತ್ರೆ ವರ್ಷಗಳಿಂದ ನುಂಗುತ್ತಿದ್ದಳು. ಅದರದ್ದೇ ಏನೋ ಇರಬೇಕು ಅಂದುಕೊಂಡು ಮಂಗಳೂರಿಗೆ ಕರೆದುಕೊಂಡು ಹೋದೆ.

ಡಾಕ್ಟರು ರಿಪೋರ್ಟನ್ನು ಮೇಜಿನ ಮೇಲಿಟ್ಟು, ಅವಳನ್ನೇ ನೋಡಿ ಹೇಳಿದರು. "ಎರಡೂ ಕಿಡ್ನಿ ಸೋತಿವೆ ಅಮ್ಮ. ಇನ್ನು ಡಯಾಲಿಸಿಸ್ ಬೇಕಾಗುತ್ತೆ."

ಗಿರಿಜಾ ತಲೆಯಾಡಿಸಿದಳು. ಯಾರೋ ದಾರಿ ಹೇಳಿದಾಗ ಆಡಿಸುವ ಹಾಗೆ.

ಕಳಸದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ಆಳುಗಳ ಹಾಜರಿ, ಗೊಬ್ಬರದ ಲೆಕ್ಕ, ಸ್ಟೋರಿನ ಬೀಗದ ಕೈ ಎಲ್ಲ ನನ್ನ ಪಾಲಿನವು. ತೋಟದೊಳಗಿನ ಕ್ವಾರ್ಟರ್ಸಿನಲ್ಲಿ ನಾನು, ಗಿರಿಜಾ, ನನ್ನ ಅವ್ವ, ಮೂರು ಜನ. ಮಗಳು ಚೈತ್ರಾ ಮದುವೆಯಾಗಿ ಸಕಲೇಶಪುರದಲ್ಲಿದ್ದಾಳೆ. ವಾರಕ್ಕೆ ಮೂರು ಸಲ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಿಷನ್ನಿಗೆ ಕೂತು ಬರುವುದು ನಮ್ಮ ತೋಟದಿಂದ ಆಗದ ಮಾತು. ಆಗ ಡಾಕ್ಟರು ಮನೆಯಲ್ಲೇ ಮಾಡಿಕೊಳ್ಳುವ ಡಯಾಲಿಸಿಸ್ ಬಗ್ಗೆ ಹೇಳಿದರು. ಹೊಟ್ಟೆಗೆ ಒಂದು ಸಣ್ಣ ಕೊಳವೆ ಹಾಕುತ್ತಾರೆ. ಅದಕ್ಕೆ ಕ್ಯಾಥಟರ್ ಅನ್ನುತ್ತಾರೆ. ಎರಡು ಲೀಟರಿನ ಚೀಲದಿಂದ ಔಷಧಿಯ ನೀರನ್ನು ಆ ಕೊಳವೆಯ ಮೂಲಕ ಹೊಟ್ಟೆಯೊಳಗೆ ಬಿಡಬೇಕು. ಕೆಲವು ಗಂಟೆ ಅದು ಒಳಗಿದ್ದು ರಕ್ತದ ಕಶ್ಮಲವನ್ನು ಎಳೆದುಕೊಳ್ಳುತ್ತದೆ. ಆಮೇಲೆ ಅದನ್ನು ಖಾಲಿ ಚೀಲಕ್ಕೆ ಇಳಿಸಿ, ಹೊಸ ನೀರು ಬಿಡಬೇಕು. ದಿನಕ್ಕೆ ನಾಲ್ಕು ಸಲ. ಒಂದೊಂದಕ್ಕೂ ಎಕ್ಸ್‌ಚೇಂಜ್ ಎಂದು ಹೆಸರು.

ಕಲಿಸಿಕೊಟ್ಟ ಸಿಸ್ಟರ್ ವಾರವಿಡೀ ಬೇರೆ ಏನನ್ನೂ ಹೇಳಲಿಲ್ಲ ಅನ್ನಬಹುದು. ಕೈ ತೊಳೆಯುವುದು, ಅಷ್ಟೇ. ಹರಿಯುವ ನೀರಿನಲ್ಲಿ, ಸೋಪು ಹಾಕಿ, ಬೆರಳ ಸಂದಿ, ಉಗುರ ಬುಡ, ಮಣಿಕಟ್ಟು. "ಕೊಳವೆಯ ಬಾಯಿ ತೆರೆದಾಗ ನಿಮ್ಮ ಕೈಯಲ್ಲಿ ಏನಿದೆಯೋ ಅದು ಸೀದಾ ಹೊಟ್ಟೆಗೆ ಹೋಗುತ್ತೆ. ಇದಕ್ಕಿಂತ ದೊಡ್ಡ ಔಷಧಿ ನನ್ನ ಹತ್ರ ಇಲ್ಲ" ಅಂದರು. ಹೊರಗೆ ಬಂದ ನೀರು ತಿಳಿಯಾಗಿದೆಯೇ ಎಂದು ನೋಡುವ ಬಗೆಯನ್ನೂ ಹೇಳಿಕೊಟ್ಟರು. ಚೀಲದ ಕೆಳಗೆ ಪೇಪರ್ ಇಡಿ. ಅಕ್ಷರ ಓದಲು ಬಂದರೆ ಎಲ್ಲ ಸರಿ. ಓದಲು ಬರದಿದ್ದರೆ ಅದೇ ದಿನ ಆಸ್ಪತ್ರೆಗೆ ಬರಬೇಕು. ನಾಳೆ ಅಂತಿಲ್ಲ.

ಮನೆಗೆ ಬಂದು ಒಂದು ಕೋಣೆಗೆ ಸುಣ್ಣ ಹೊಡೆಸಿದೆ. ಕಿಟಕಿಗೆ ಮೆಶ್ ಹಾಕಿಸಿದೆ. ಗೋಡೆಗೆ ವಾಶ್ ಬೇಸಿನ್ ಬಂತು. ಬೆಟ್ಟದ ಹಳ್ಳದಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುವ ನೀರು ನಮ್ಮದು. ಮೋಟಾರು ಬೇಡ, ಕರೆಂಟು ಬೇಡ, ಹಗಲು ರಾತ್ರಿ ಹರಿಯುತ್ತಿತ್ತು. ಗಿರಿಜಾಳ ಊತ ಇಳಿಯಿತು. ಬಾಯಿಗೆ ರುಚಿ ಬಂತು. ಅಕ್ಕಿರೊಟ್ಟಿ ತಟ್ಟಿದಳು. ಹೀಗೇ ನಡೆದುಕೊಂಡು ಹೋಗುತ್ತದೆ ಎಂದು ನಾನು ನಂಬಿದ್ದೆ.

ಆ ಆಷಾಢದಲ್ಲಿ ಮಳೆ ಬಿಡದೆ ಹೊಯ್ದಿತು. ಒಂದು ಬೆಳಿಗ್ಗೆ ತಿಂಡಿಯ ಹೊತ್ತಿಗೆ ಬೆಟ್ಟದ ಕಡೆಯಿಂದ ಲಾರಿಯಿಂದ ಜಲ್ಲಿ ಸುರಿದ ಹಾಗೆ ಸದ್ದು ಕೇಳಿತು. ಅದು ನಿಲ್ಲಲೇ ಇಲ್ಲ. ಹೊರಗೆ ಬಂದು ನೋಡಿದರೆ ಮೇಲಿನ ಗುಡ್ಡದ ಒಂದು ಮಗ್ಗುಲು ಕಾಫಿ ಗಿಡ, ಸಿಲ್ವರ್ ಮರಗಳ ಸಮೇತ ಕೆಳಗೆ ಬರುತ್ತಿತ್ತು. ಯಾರ ಮನೆಯ ಮೇಲೂ ಬೀಳಲಿಲ್ಲ. ಜೀವ ಹೋಗಲಿಲ್ಲ. ಆದರೆ ರಸ್ತೆ ಎರಡು ಕಡೆ ಮುಚ್ಚಿತು. ಕಂಬಗಳು ಉರುಳಿದವು. ನೀರಿನ ಟ್ಯಾಂಕೂ ಪೈಪೂ ಎಲ್ಲಿದ್ದವೆಂದು ತೋರಿಸಲೂ ಗುರುತಿರಲಿಲ್ಲ.

ನಾನು ಒಳಗೆ ಓಡಿಬಂದಾಗ ಗಿರಿಜಾ ಬೇಸಿನ್ ಮುಂದೆ ನಿಂತಿದ್ದಳು. ಕೈತುಂಬ ಸೋಪಿನ ನೊರೆ. ನಲ್ಲಿ ಒಂದೆರಡು ಸಲ ಕೆಮ್ಮಿ, ಕೆಂಪು ನೀರು ಉಗುಳಿ, ನಿಂತುಹೋಯಿತು.

ಅವಳು ಆ ಕೈಗಳನ್ನು ಹಾಗೇ ಎತ್ತಿ ಹಿಡಿದು ನನ್ನ ಮುಖ ನೋಡಿದಳು.

ಮೊದಮೊದಲು ಕಷ್ಟವಾಗಲಿಲ್ಲ. ಮಳೆಯಿತ್ತಲ್ಲ. ಮಾಡಿನ ಶೀಟಿನ ಅಂಚಿಗೆ ಹಂಡೆ, ಬಕೆಟ್, ಪಾತ್ರೆ ಎಲ್ಲ ಇಟ್ಟೆವು. ಸ್ಟೋರಿನಲ್ಲಿ ಡ್ರಮ್ಮುಗಳಿಗೆ ಕೊರತೆಯಿಲ್ಲ, ಆದರೆ ಒಂದೊಂದರಲ್ಲೂ ಯಾವುದೋ ಕಾಲದಲ್ಲಿ ಮೈಲುತುತ್ತವೋ ಕೀಟನಾಶಕವೋ ಕದಡಿದ್ದು. ಅವನ್ನು ನಾನೇ ಬೀಗ ಹಾಕಿ ಒಳಗಿಟ್ಟೆ, ಆಳುಗಳ ಸಾಲುಮನೆಗಳಾದ ಲೈನಿನ ಜನ ತಿಳಿಯದೆ ಒಯ್ಯದಿರಲಿ ಎಂದು. ಶೀಟಿನ ನೀರಿನಲ್ಲಿ ಎಲೆ, ಪಾಚಿ, ಇಲಿಯ ಹಿಕ್ಕೆ. ಬಟ್ಟೆಯಲ್ಲಿ ಸೋಸಿ, ಒಲೆಯ ಮೇಲೆ ಕುದಿಸಿ, ಆರಿಸಿ, ನಲ್ಲಿಯಿರುವ ಸ್ಟೀಲ್ ಫಿಲ್ಟರಿಗೆ ತುಂಬಿ ಗಿರಿಜಾಳ ಕೋಣೆಯಲ್ಲಿಟ್ಟೆ. ನಲ್ಲಿ ತಿರುಗಿಸಿದರೆ ನೂಲಿನಷ್ಟು ಹರಿಯಬೇಕು. ಅವಳು ಆ ನೂಲಿನಡಿ ಕೈ ತೊಳೆದಳು.

ಕೈ ಒರೆಸುವುದು ತೊಳೆಯುವುದಕ್ಕಿಂತ ಕಷ್ಟವಾಯಿತು. ಟಿಶ್ಯೂ ಮುಗಿಯುತ್ತಾ ಬಂದಿತ್ತು. ಆ ಮಳೆಯಲ್ಲಿ ಬಟ್ಟೆ ಒಣಗುತ್ತಿರಲಿಲ್ಲ, ಮುಗ್ಗುಲು ವಾಸನೆ. ಹಳೆಯ ಇದ್ದಿಲಿನ ಇಸ್ತ್ರಿ ಪೆಟ್ಟಿಗೆ ಅಟ್ಟದ ಮೇಲಿತ್ತು. ಬಿಳಿ ಪಂಚೆಯೊಂದನ್ನು ಕರವಸ್ತ್ರದಷ್ಟು ತುಂಡು ಮಾಡಿ, ಕುದಿಸಿ, ಹಿಂಡಿ, ಇಸ್ತ್ರಿ ಹಾಕಿಯೇ ಒಣಗಿಸುತ್ತಿದ್ದೆ. ಒಂದು ಸಲ ಬಳಸಿದ್ದನ್ನು ಮತ್ತೆ ಮುಟ್ಟುವಂತಿಲ್ಲ.

ಚೀಲದ ನೀರು ಮೈಬಿಸಿಯಷ್ಟು ಬೆಚ್ಚಗಿರಬೇಕು. ಇಲ್ಲದಿದ್ದರೆ ಹೊಟ್ಟೆ ಹಿಡಿದುಕೊಳ್ಳುತ್ತದೆ. ಕರೆಂಟಿನ ಹೀಟಿಂಗ್ ಪ್ಯಾಡ್ ಸುಮ್ಮನೆ ಬಿದ್ದಿತ್ತು. ಚೀಲವನ್ನು ಬಿಸಿ ನೀರಿನಲ್ಲಿ ಮುಳುಗಿಸಕೂಡದು ಎಂದು ಸಿಸ್ಟರ್ ಮೊದಲೇ ಹೇಳಿದ್ದರು. ಏನು ಮಾಡುವುದೆಂದು ನಿಂತಿದ್ದಾಗ ಅವ್ವ ಒಲೆಯ ಪಕ್ಕದಿಂದ ಕೈ ಚಾಚಿದಳು.

"ಇಲ್ಲಿ ಕೊಡು ಮಗ. ನಾ ಹೆಂಗೂ ಒಲೆ ಮುಂದೆ ಕೂತಿರ್ತೀನಲ್ಲ."

ಮೇಲಿನ ಕವರ್ ಬಿಚ್ಚದ ಚೀಲವನ್ನು ಕಂಬಳಿಯೊಳಗೆ ಹೊಟ್ಟೆಗೆ ಅಪ್ಪಿಕೊಂಡು ಅವ್ವ ಕೂತಳು. ಎದ್ದಾಗ ಅದು ಹದವಾಗಿ ಬೆಚ್ಚಗಾಗಿತ್ತು. ಅಂದಿನಿಂದ ಪ್ರತಿ ಎಕ್ಸ್‌ಚೇಂಜಿಗೂ ಮುಂಚೆ ಅದು ಅವಳ ಕೆಲಸವಾಯಿತು. ಗಿರಿಜಾ ನಕ್ಕಳು. "ಅತ್ತೆ ಬಸುರಿ ಆದಂಗೆ ಕಾಣ್ತಾರೆ ನೋಡಿ" ಅಂದಳು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಕೇಳಿದ ನಗು ಅದೊಂದೇ.

ಪಾಯಿಖಾನೆ ಅಂಗಳದಾಚೆ. ಕೂರುವ ತರಹದ್ದು. ಒಬ್ಬರು ಹೋಗಿ ಬಂದರೆ ಅರ್ಧ ಬಕೆಟ್ ನೀರು ಬೇಕು. ಅದಕ್ಕೆ ಒಂದು ದಾರಿ ಗಿರಿಜಾಳೇ ಹೇಳಿದಳು. ಅವಳ ಹೊಟ್ಟೆಯಿಂದ ಇಳಿದ ನೀರನ್ನು ಹೇಗೂ ಪಾಯಿಖಾನೆಗೇ ಸುರಿಯಬೇಕಿತ್ತು. "ಅದನ್ನೇ ಎತ್ತಿಟ್ಕೊಂಡು ಹೋದೋರು ಸುರೀರಿ. ಬೇರೆ ನೀರು ಯಾಕೆ ದಂಡ?" ದಿನಕ್ಕೆ ಎಂಟು ಲೀಟರ್ ಆಗುತ್ತಿತ್ತು. ನನ್ನ ಹೆಂಡತಿಯ ರಕ್ತ ತೊಳೆದ ನೀರಿನಿಂದ ನಾವು ಪಾಯಿಖಾನೆ ತೊಳೆದೆವು. ಮೊದಲ ಸಲ ಸುರಿಯುವಾಗ ನನ್ನ ಕೈ ಹಿಂಜರಿಯಿತು. ಆಮೇಲೆ ಅಭ್ಯಾಸವಾಯಿತು. ಮನುಷ್ಯ ಯಾವುದಕ್ಕೆಲ್ಲ ಒಗ್ಗಿಕೊಳ್ಳುತ್ತಾನೆ ಎಂದು ಈಗ ಯೋಚಿಸಿದರೆ ಭಯವಾಗುತ್ತದೆ.

ಆಮೇಲೆ ಮಳೆ ಹೊಳವಾಯಿತು.

ಬಿಸಿಲು ಬಂದರೆ ಸಂತೋಷಪಡುವ ಊರು ನಮ್ಮದು. ಆ ಸಲ ಬಿಸಿಲು ನೋಡಿ ನನ್ನ ಎದೆ ಒಣಗಿತು. ಹಂಡೆಗಳು ತಳ ಕಂಡವು. ಹಳ್ಳದಲ್ಲಿ ಕೆಸರು ಹರಿಯುತ್ತಿತ್ತು. ಲೈನಿನ ಕೆಳಗಿನ ಬಾವಿಯೊಂದೇ ಉಳಿದದ್ದು. ಆದರೆ ಗುಡ್ಡ ಜರಿದಾಗ ಲೈನಿನ ಪಾಯಿಖಾನೆಯ ಗುಂಡಿಯೂ ಒಡೆದು, ಅದರ ನೀರು ಬಾವಿಯ ಕಡೆಗೇ ಇಳಿದಿತ್ತು. ಟ್ಯಾಂಕ್ ತೊಳೆಯಲು ತಂದಿಟ್ಟ ಬ್ಲೀಚಿಂಗ್ ಪೌಡರ್ ಸ್ಟೋರಿನಲ್ಲಿತ್ತು. ಬಾವಿಗೆ ಹಾಕಿದೆವು. ಕುದಿಸದೆ ಕುಡಿಯಬೇಡಿ ಎಂದು ನಾನೂ ಸುಂದರ ಮೇಸ್ತ್ರಿಯೂ ಮನೆಮನೆಗೆ ಹೋಗಿ ಹೇಳಿದೆವು. ಸುಂದರ ನನಗಿಂತ ಹತ್ತು ವರ್ಷ ಚಿಕ್ಕವನು. ಆಳುಗಳ ಮೇಲ್ವಿಚಾರಣೆ ಅವನದು. ಕೆಲವರು ಕೇಳಿದರು. ಸೌದೆಯೆಲ್ಲ ನೆನೆದಿತ್ತು. ಕೂಸಿರುವ ಮನೆಯವರು ಎಷ್ಟೆಂದು ಕುದಿಸುತ್ತಾರೆ? ವಾರ ಕಳೆಯುವುದರೊಳಗೆ ಲೈನಿನಲ್ಲಿ ಭೇದಿ ಶುರುವಾಯಿತು.

ನಮ್ಮ ಮನೆಯಲ್ಲಿ ಅವ್ವನಿಗೆ.

ಕುದಿಸಿದ ನೀರು ಸಪ್ಪೆ ಎಂದು ಅವ್ವ ಮೊದಲಿನಿಂದಲೂ ಮುಖ ಕಿವುಚುತ್ತಿದ್ದಳು. ಬಾವಿಯಿಂದ ತಂದಿಟ್ಟ ಕೊಡದಿಂದ ಒಂದು ಚೊಂಬು ಕುಡಿದಳೋ, ಇಲ್ಲ ಬೇರೆ ಎಲ್ಲಿಂದ ತಗುಲಿತೋ. ಕೇಳಲಿಲ್ಲ. ಕೇಳಿ ಏನು ಮಾಡುವುದಿತ್ತು? ಮಧ್ಯಾಹ್ನದ ಹೊತ್ತಿಗೆ ಅವಳಿಗೆ ಅಂಗಳ ದಾಟುವಷ್ಟು ಶಕ್ತಿ ಇರಲಿಲ್ಲ. ಸೀರೆಯಲ್ಲೇ ಆಯಿತು. ಅವಳು ಗೋಡೆ ಕಡೆ ತಿರುಗಿ ಕೂತುಬಿಟ್ಟಳು.

ಒಂದು ಮನೆ. ಒಂದು ಕೋಣೆಯಲ್ಲಿ ಗಾಳಿಯಲ್ಲಿನ ಧೂಳೂ ಬೀಳಬಾರದ ಹೆಂಗಸು. ಇನ್ನೊಂದರಲ್ಲಿ ಭೇದಿಯಾಗುತ್ತಿರುವ ಮುದುಕಿ. ನಡುವೆ ಎರಡು ಕೈಯ ನಾನು.

ಅವ್ವನನ್ನು ಹಿಂದಿನ ಸೌದೆ ಕೊಟ್ಟಿಗೆಗೆ ಸೇರಿಸಿದೆ. ಬೆಚ್ಚಗಿತ್ತು, ಸೋರುತ್ತಿರಲಿಲ್ಲ. ಆದರೂ ಹೆತ್ತವಳನ್ನು ಕೊಟ್ಟಿಗೆಗೆ ಹಾಕಿದೆ ಎನ್ನುವುದನ್ನು ಬೇರೆ ಮಾತಿನಲ್ಲಿ ಹೇಳಲು ಬರುವುದಿಲ್ಲ. ಪ್ಲಾಸ್ಟಿಕ್ ಕುರ್ಚಿಯೊಂದರ ನಡುವೆ ಗರಗಸದಲ್ಲಿ ಕೊಯ್ದು ತೂತು ಮಾಡಿದೆ. ಅದರ ಕೆಳಗೆ ಪೇಂಟಿನ ಬಕೆಟ್. ಬಕೆಟ್ಟಿನ ತಳಕ್ಕೆ ಕಾಫಿ ಹೊಟ್ಟು. ನಮ್ಮಲ್ಲಿ ಹೊಟ್ಟಿಗೆ ಬರವಿಲ್ಲ, ಒಣಗಿಸಿದ ಕಾಫಿ ಹಣ್ಣನ್ನು, ಅಂದರೆ ಚೆರ್ರಿಯನ್ನು, ಮಿಲ್ ಮಾಡಿಸಿದ ಮೇಲೆ ಮೂಟೆಗಟ್ಟಲೆ ಬಿದ್ದಿರುತ್ತದೆ. ಅವ್ವ ಎದ್ದ ಕೂಡಲೇ ಮೇಲೊಂದು ಬೊಗಸೆ ಹೊಟ್ಟು, ಒಂದು ಹಿಡಿ ಒಲೆಯ ಬೂದಿ. ವಾಸನೆ ಮುಕ್ಕಾಲು ಅಡಗುತ್ತಿತ್ತು, ನೊಣ ಕೂರುತ್ತಿರಲಿಲ್ಲ. ಬಾವಿಯಿಂದ ದೂರವಾಗಿ, ಇಳಿಜಾರಿನ ಆಚೆ ಮಗ್ಗುಲಲ್ಲಿ ಗುಂಡಿ ತೋಡಿದೆ. ಕಾಫಿಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಸಿಂಪಡಣೆಗೆಂದು ತಂದ ಸುಣ್ಣದ ಮೂಟೆ ಸ್ಟೋರಿನಲ್ಲಿತ್ತು. ಬಕೆಟ್ ಸುರಿದ ಮೇಲೆ ಗುಂಡಿಗೆ ಸುಣ್ಣ, ಅದರ ಮೇಲೆ ಮಣ್ಣು. ಆ ವರ್ಷ ಕಾಫಿಗೆ ಹೊಡೆಯಬೇಕಾದ ಸುಣ್ಣ ಲೈನಿನ ಗುಂಡಿಗಳಿಗೂ ಅವ್ವನ ಗುಂಡಿಗೂ ಹೋಯಿತು. ತೋಟದ ಧಣಿಗಳು ಆಮೇಲೆ ಏನೂ ಅನ್ನಲಿಲ್ಲ.

ಮೊದಲ ಸಲ ಬಕೆಟ್ ಎತ್ತಿದಾಗ ಅವ್ವ ನನ್ನ ಪಂಚೆ ಹಿಡಿದುಕೊಂಡಳು.

"ನೀ ಮುಟ್ಟಬ್ಯಾಡ. ಹೆತ್ತೋಳ ಹೇಲು ಮಗ ಬಳಿಯೋದಾ?"

"ನನ್ನದು ನೀ ಬಳೀಲಿಲ್ವ?"

"ಅದು ಬ್ಯಾರೆ."

"ಎಂತ ಬೇರೆ? ಬಿಡು ಅವ್ವ."

ಬಿಟ್ಟಳು. ಆದರೆ ಅಂದಿನಿಂದ ಬಾಯಿಗೆ ಏನು ಕೊಟ್ಟರೂ ಅರ್ಧಕ್ಕೇ ಸಾಕು ಅನ್ನತೊಡಗಿದಳು. ಉಪ್ಪು ಸಕ್ಕರೆಯ ನೀರನ್ನು, ಗಂಜಿಯ ತಿಳಿಯನ್ನು ಬೈದೇ ಕುಡಿಸಬೇಕಿತ್ತು.

ನಾನು ಬಕೆಟ್ ಮುಟ್ಟಿದವನು. ಆದ್ದರಿಂದ ಗಿರಿಜಾಳ ಕೋಣೆಗೆ ಕಾಲಿಡಲಿಲ್ಲ. ಎಕ್ಸ್‌ಚೇಂಜನ್ನು ಅವಳೇ ಮಾಡಿಕೊಂಡಳು. ನಾನು ಕುದಿಸಿದ ನೀರನ್ನೂ ಇಸ್ತ್ರಿ ಮಾಡಿದ ಬಟ್ಟೆಯನ್ನೂ ಹೊಸ್ತಿಲಲ್ಲಿಟ್ಟು ಹಿಂದೆ ಸರಿಯುತ್ತಿದ್ದೆ. ಬ್ಲೀಚಿಂಗ್ ನೀರಿನಲ್ಲಿ ತೊಳೆದೂ ತೊಳೆದೂ ನನ್ನ ಬೆರಳ ಸಂದಿಗಳು ಬಿರಿದವು. ಮೂಗಿನಲ್ಲಿ ಅದೇ ವಾಸನೆ. ಅನ್ನ ತಿಂದರೂ ಅದೇ. ಈಗ ಚೀಲವನ್ನು ಬೆಚ್ಚಗೆ ಮಾಡುವ ಕೆಲಸ ನನ್ನ ಪಾಲಿಗೂ ಇಲ್ಲ, ಅವ್ವನ ಪಾಲಿಗೂ ಇಲ್ಲ. ಗಿರಿಜಾ ಅದನ್ನು ತನ್ನ ಹಾಸಿಗೆಯೊಳಗೇ ಇಟ್ಟುಕೊಂಡು ಮಲಗುತ್ತಿದ್ದಳು.

"ನೀವು ಎಷ್ಟೊಂದು ನೀರು ಹೊರ್ತಾ ಇದೀರಿ" ಎಂದಳು ಒಂದು ಸಲ, ಬಾಗಿಲ ಆಚೆಯಿಂದ.

"ಹೊರದೆ ಎಂತ ಮಾಡಾದು?"

ಫಿಲ್ಟರಿನ ನಲ್ಲಿಯನ್ನು ಅವಳು ಇನ್ನಷ್ಟು ಬಿಗಿ ಮಾಡಿದ ಸದ್ದು ಕೇಳಿತು.

ಗುಡ್ಡದ ನೆತ್ತಿಯಲ್ಲಿ ಒಂದು ಬಂಡೆಯ ಮೇಲೆ ನಿಂತರೆ ಮೊಬೈಲಿಗೆ ಸಿಗ್ನಲ್ ಸಿಗುತ್ತಿತ್ತು. ಸುಂದರ ಟ್ರ್ಯಾಕ್ಟರಿನ ಬ್ಯಾಟರಿಯಿಂದ ಫೋನ್ ಚಾರ್ಜ್ ಮಾಡಿಕೊಟ್ಟ. ಸಿಸ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ನೀವು ಮಾಡ್ತಿರೋದು ಸರಿ ಇದೆ. ಆದ್ರೆ ದಾರಿ ಬಿಟ್ಟ ತಕ್ಷಣ ಕರ್ಕೊಂಡು ಬನ್ನಿ. ಏನೂ ಇಲ್ದಿದ್ರೂ ಬನ್ನಿ" ಅಂದರು. ಚಾರ್ಮಾಡಿ ಘಾಟಿಯ ರಸ್ತೆಯೂ ಬಂದ್ ಆಗಿತ್ತು. ಮಂಗಳೂರಿನ ಮಾತೇ ಇರಲಿಲ್ಲ.

ಅವ್ವ ನಿಧಾನಕ್ಕೆ ಚೇತರಿಸಿಕೊಂಡಳು. ಭೇದಿ ನಿಂತಿತು. ಕೊಟ್ಟಿಗೆಯ ಬಾಗಿಲಲ್ಲಿ ಬಿಸಿಲಿಗೆ ಕೂರತೊಡಗಿದಳು. ಅಂತೂ ದಾಟಿದೆವು ಎಂದು ನಾನು ಉಸಿರು ಬಿಟ್ಟ ಬೆಳಿಗ್ಗೆಯೇ ಗಿರಿಜಾ ಒಳಗಿನಿಂದ ಕರೆದಳು. ಯಾವಾಗಲೂ "ರೀ" ಎನ್ನುವವಳು ಅಂದು ನನ್ನ ಹೆಸರು ಹಿಡಿದು ಕರೆದಳು.

ಮಾಸ್ಕ್ ಹಾಕಿಕೊಂಡು ಹೊಸ್ತಿಲಲ್ಲಿ ನಿಂತೆ. ಇಳಿಸಿದ ಚೀಲ ನೆಲದ ಮೇಲೆ ಪೇಪರಿನ ಮೇಲಿತ್ತು.

ಅಕ್ಷರ ಕಾಣಲಿಲ್ಲ.

ಗಂಜಿಯ ತಿಳಿಯ ಹಾಗಿತ್ತು ನೀರು. ಅವಳು ಹೊಟ್ಟೆ ಹಿಡಿದುಕೊಂಡು ಮಂಚದ ಅಂಚಿಗೆ ಬಾಗಿ ಕೂತಿದ್ದಳು. ಒಳಗೆ ಹೋಗಿ ಹಣೆ ಮುಟ್ಟಿದೆ. ಅಷ್ಟು ದಿನಗಳ ಮೇಲೆ ಅವಳನ್ನು ಮುಟ್ಟಿದ್ದು ಅದೇ ಮೊದಲು. ಸುಡುತ್ತಿತ್ತು.

"ನಿನ್ನೆಯಿಂದ ನೋವಿತ್ತು" ಎಂದಳು. "ಗ್ಯಾಸ್ ಇರಬಹುದು ಅಂತ ಸುಮ್ನಿದ್ದೆ."

ಸುಂದರನಿಗೆ ಹೇಳಿ ಕಳಿಸಿದೆ. ಅವನು ಬಂದು ಬಾಗಿಲಲ್ಲೇ ಪರಿಸ್ಥಿತಿ ನೋಡಿ, "ರೈಟ್ರೇ, ದಾರಿ ಕಾಯಾದು ಬ್ಯಾಡ, ಹೊತ್ಕಂಡು ಹೋಗಾನ" ಅಂದ. ಕುರ್ಚಿಗೆ ಎರಡು ಬಿದಿರ ಗಳ ಕಟ್ಟಿ, ನಾಲ್ಕು ಜನ ಹೆಗಲು ಕೊಟ್ಟರು. ಅವರಲ್ಲಿ ಇಬ್ಬರು ತಾವೇ ಭೇದಿಯಿಂದ ಎದ್ದವರು. ಜರಿದ ಗುಡ್ಡದ ಮೇಲೆ ಮೊಣಕಾಲು ಹೂಳುವ ಕೆಸರು. ಬೇರು ಮೇಲಾಗಿ ಬಿದ್ದ ಮರಗಳನ್ನು ಬಳಸಿ ಬಳಸಿ ಹೋಗಬೇಕು. ಪ್ರತಿ ಹೆಜ್ಜೆಗೂ ಕುರ್ಚಿ ಅಲ್ಲಾಡುತ್ತಿತ್ತು. ಗಿರಿಜಾ ಕೂಗಲಿಲ್ಲ. ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ನಾನು ಹಿಂದೆ ಹಿಂದೆ, ಆ ಮಸುಕು ನೀರಿನ ಚೀಲವನ್ನು ಎದೆಗೆ ಹಿಡಿದುಕೊಂಡು ನಡೆದೆ. ಡಾಕ್ಟರಿಗೆ ತೋರಿಸಲು ಅದು ಬೇಕಿತ್ತು.

ಹೊರಡುವಾಗ ಅವ್ವ ಕೊಟ್ಟಿಗೆಯ ಕಂಬ ಹಿಡಿದು ನಿಂತಿದ್ದಳು. ಹತ್ತಿರ ಬರಲಿಲ್ಲ. ಅವಳನ್ನು ಸುಂದರನ ಹೆಂಡತಿ ನೋಡಿಕೊಳ್ಳುತ್ತೇನೆ ಅಂದಳು.

ಗುಡ್ಡದ ಆಚೆ ಬದಿಯಲ್ಲಿ ಸುಂದರ ಫೋನ್ ಮಾಡಿ ಕರೆಸಿದ್ದ ಪಿಕಪ್ ಗಾಡಿಯೊಂದು ಕಾದಿತ್ತು. ಮೂಡಿಗೆರೆಯಲ್ಲಿ ಆ್ಯಂಬುಲೆನ್ಸ್. ಸಂಜೆಯೊಳಗೆ ಹಾಸನದ ಒಂದು ಆಸ್ಪತ್ರೆ ಮುಟ್ಟಿದೆವು.

ಪೆರಿಟೊನೈಟಿಸ್. ಹೊಟ್ಟೆಯ ಒಳಪರೆಗೆ ಇನ್ಫೆಕ್ಷನ್. ಆ್ಯಂಟಿಬಯೋಟಿಕ್ಕನ್ನು ಡಯಾಲಿಸಿಸ್ ನೀರಿನಲ್ಲೇ ಸೇರಿಸಿ ಬಿಟ್ಟರು. ಚೀಲ ತಿಳಿಯಾಗಲಿಲ್ಲ. ಮರುದಿನವೂ ಇಲ್ಲ. ನಾನು ಪ್ರತಿ ಸಲವೂ ಪೇಪರ್ ಇಟ್ಟು ನೋಡುತ್ತಿದ್ದೆ. ಕೊನೆಗೆ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು: ಕ್ಯಾಥಟರ್ ತೆಗೆಯದಿದ್ದರೆ ಜೀವಕ್ಕೆ ಅಪಾಯ. ತೆಗೆದರೆ ಹೊಟ್ಟೆಯ ಡಯಾಲಿಸಿಸ್ ಅಲ್ಲಿಗೆ ಮುಗಿಯುತ್ತದೆ. ಈ ಪರೆ ಮತ್ತೆ ಉಪಯೋಗಕ್ಕೆ ಬರುತ್ತದೆಂದು ಅವರು ಭರವಸೆ ಕೊಡಲಾರರು. ನಾನು ಸಹಿ ಹಾಕಿದೆ. ಕೊಳವೆ ತೆಗೆದರು. ಕುತ್ತಿಗೆಗೆ ಬೇರೊಂದು ಕೊಳವೆ ಹಾಕಿ ಮಿಷನ್ನಿಗೆ ಜೋಡಿಸಿದರು. ಎರಡು ದಿನ ಅವಳು ನನ್ನನ್ನು ಗುರುತಿಸಲಿಲ್ಲ. ಸಕಲೇಶಪುರದಿಂದ ಬಂದಿದ್ದ ಚೈತ್ರಾಳನ್ನು ತನ್ನ ತೀರಿಹೋದ ಅಕ್ಕ ಎಂದುಕೊಂಡು ಮಾತಾಡುತ್ತಿದ್ದಳು.

ಮೂರನೆಯ ದಿನ ಜ್ವರ ಇಳಿಯಿತು.

ಚೀಲದ ನೀರಿನಲ್ಲಿ ಯಾವ ಕ್ರಿಮಿಯಿತ್ತೆಂದು ಹೇಳುವ ಕಲ್ಚರ್ ರಿಪೋರ್ಟ್ ಬಂದ ದಿನ ಡಾಕ್ಟರು ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತರು. ಸಣ್ಣ ವಯಸ್ಸಿನವರು. "ಇದು ಕರುಳಿನಲ್ಲಿರೋ ಕ್ರಿಮಿ" ಅಂದರು. "ಮನೆಯಲ್ಲಿ ಯಾರಿಗಾದ್ರೂ ಭೇದಿ ಇತ್ತಾ?"

ಇತ್ತು ಎಂದೆ. ನೀರು ನಿಂತದ್ದು, ಬಕೆಟ್, ಫಿಲ್ಟರಿನ ನಲ್ಲಿ ಎಲ್ಲವನ್ನೂ ಹೇಳಿದೆ.

ಅವರು ಕೇಳಿಸಿಕೊಂಡು ಗಿರಿಜಾಳ ಕಡೆ ತಿರುಗಿದರು. "ಅಮ್ಮ, ಅಡ್ಮಿಟ್ ಆಗೋಕೆ ಮುಂಚೆ ನಿಮಗೆ ಮೋಷನ್ ಸರಿಯಾಗಿ ಆಗ್ತಿತ್ತಾ?"

ಗಿರಿಜಾ ಹೊದಿಕೆಯ ಅಂಚನ್ನು ಮಡಿಸತೊಡಗಿದಳು.

"ಎಷ್ಟು ದಿನ ಆಗಿತ್ತು?"

"ಒಂದ್ ವಾರ ಆಗಿರಬೇಕು" ಎಂದಳು. "ಅದಕ್ಕೂ ಮುಂಚೆಯೂ ಸರಿಯಾಗಿ ಇಲ್ಲ."

"ಸಿರಪ್ ಕೊಟ್ಟಿದ್ರಲ್ಲ, ಲೂಸ್ ಆಗೋಕೆ?"

"ನಿಲ್ಲಿಸಿದ್ದೆ."

"ಯಾಕೆ?"

ಅವಳು ನನ್ನ ಕೈಗಳನ್ನು ನೋಡಿದಳು. ಬ್ಲೀಚಿಂಗ್ ಪೌಡರಿಗೆ ಬಿರಿದದ್ದು ಇನ್ನೂ ಮಾಗಿರಲಿಲ್ಲ. "ಇವರು ಅತ್ತೆದು ಎತ್ತಿ ಎತ್ತಿ ಸೋತಿದ್ರು. ಬಾವಿಯಿಂದ ಒಂದ್ ಕೊಡ ತರೋಕೆ ಗುಡ್ಡ ಹತ್ತಬೇಕು. ನಾನೂ ಹೋದ್ರೆ ಅದಕ್ಕೆ ಬೇರೆ ನೀರು, ಕೈ ತೊಳೆಯೋಕೆ ಬೇರೆ ನೀರು. ಹಿಡ್ಕೊಂಡೆ. ಊಟ ಕಮ್ಮಿ ಮಾಡ್ದೆ. ಆಮೇಲೆ ಬರೋದೇ ನಿಂತೋಯ್ತು."

ಅಷ್ಟು ದಿನ ನಾನು ನೀರು, ಬಟ್ಟೆ, ಸುಣ್ಣ, ಬೂದಿ ಎಲ್ಲದರ ಮೇಲೂ ಕಣ್ಣಿಟ್ಟಿದ್ದೆ. ಯಾವ ಪಾತ್ರೆಗೆ ಯಾರ ಕೈ ತಾಕಿತೆಂದು ನೋಡುತ್ತಿದ್ದೆ. ಆದರೆ ಒಂದು ಹೆಂಗಸು ಹೊರಗೆ ಹೋಗುವುದನ್ನೇ ಬಿಟ್ಟಿದ್ದಾಳೆ ಎಂಬುದು ನಮ್ಮಂಥ ಮನೆಗಳಲ್ಲಿ ಗಂಡಸಿನ ಕಣ್ಣಿಗೆ ಬೀಳುವ ಸಂಗತಿಯಲ್ಲ. ಅವಳಾಗಿ ಹೇಳುವ ಮಾತೂ ಅಲ್ಲ. ಬಿರುಗಾಳಿಗೂ ಬರಕ್ಕೂ ಹೆಂಗಸರು ಮೊದಲು ಕೊಡುವುದು ಅದನ್ನೇ ಇರಬೇಕು, ತಮ್ಮ ದೇಹದ ಸಣ್ಣಪುಟ್ಟ ಅಗತ್ಯಗಳನ್ನು, ಯಾರಿಗೂ ಗೊತ್ತಾಗದಂತೆ.

ಡಾಕ್ಟರು ಹೇಳಿದ್ದು ಇಷ್ಟು. ಕರುಳು ಕಟ್ಟಿಕೊಂಡರೆ ಅದರೊಳಗಿನ ಕ್ರಿಮಿ ಗೋಡೆ ದಾಟಿ ಹೊಟ್ಟೆಗೆ ಬರಬಹುದು. ಕೈಯಿಂದಲೂ ಹೋಗಿರಬಹುದು. ಯಾವುದೆಂದು ಯಾವ ಟೆಸ್ಟೂ ಹೇಳುವುದಿಲ್ಲ. "ನಿಮ್ಮಲ್ಲಿ ಯಾರ ತಪ್ಪು ಅಂತ ಹುಡುಕೋಕೆ ಹೋಗಬೇಡಿ" ಎಂದು ಎದ್ದು ಹೋದರು.

ರಸ್ತೆಯ ಒಂದು ಬದಿ ಬಿಡಿಸಿದ ಮೇಲೆ ಅಳಿಯ ಹೋಗಿ ಅವ್ವನನ್ನು ಕರೆತಂದ. ಮಧ್ಯಾಹ್ನ ವಿಸಿಟಿಂಗ್ ಹೊತ್ತಿನಲ್ಲಿ ವಾರ್ಡಿಗೆ ಬಂದಳು. ಅರ್ಧ ಆಗಿದ್ದಳು. ಮಂಚದ ಕಾಲ ದೆಸೆಯಲ್ಲಿ ನಿಂತುಬಿಟ್ಟಳು, ಮುಂದೆ ಬರಲಿಲ್ಲ. ಗಿರಿಜಾಳ ಕುತ್ತಿಗೆಯ ಕೊಳವೆಯನ್ನು ನೋಡಿದವಳು ಬೇರೆ ಕಡೆ ತಿರುಗಿದಳು.

"ಬನ್ನಿ ಅತ್ತೆ, ಕೂತ್ಕಳ್ಳಿ" ಎಂದಳು ಗಿರಿಜಾ.

"ಬ್ಯಾಡ. ಇಲ್ಲೇ ಇರ್ತೀನಿ."

"ಯಾಕೆ?"

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಾತು ಅದರೊಳಗಿನಿಂದ ಬಂತು. "ಆ ಚೀಲವ ನಾನೇ ಅಲ್ಲೇನೇ ಹೊಟ್ಟೆಗೆ ಅಪ್ಕಂಡು ಕೂರ್ತಿದ್ದದ್ದು. ನನ್ನೊಳಗೆ ಆ ರೋಗ ಆಗ್ಲೇ ಇತ್ತೇನೋ. ನನ್ನ ಮೈಯಿಂದ ನಿಂಗೆ ಬಂತು. ನನ್ನ ಕರ್ಕಂಡು ಹೋಗಬೇಕಿತ್ತು ಶಿವ, ನಿನ್ನ ಯಾಕೆ ಹಿಡಿದ."

ಆ ಮಾತನ್ನು ಅವಳು ಎಷ್ಟು ದಿನಗಳಿಂದ ಒಳಗೆ ಇಟ್ಟುಕೊಂಡಿದ್ದಳೋ. ಚೀಲಕ್ಕೆ ಮೇಲೊಂದು ಕವರ್ ಇತ್ತು, ಅದನ್ನು ಗಿರಿಜಾ ಬಿಚ್ಚಿ ಎಸೆದೇ ಒಳಗಿನದನ್ನು ಮುಟ್ಟುತ್ತಿದ್ದಳು, ಅದರಿಂದ ಬರುವ ಸಾಧ್ಯತೆ ಇಲ್ಲವೇ ಇಲ್ಲ ಎಂದು ನಾನು ಹೇಳಹೊರಟೆ. ಗಿರಿಜಾ ನನ್ನ ಕೈ ಒತ್ತಿದಳು.

"ಅತ್ತೆ, ಇಲ್ಲಿ ಕೇಳಿ. ಡಾಕ್ಟ್ರು ಟೆಸ್ಟ್ ಮಾಡಿ ನೋಡಿದ್ರು. ಇದು ನನ್ನ ಕರುಳಿಂದೇ. ನಾನು ಹೋಗದೆ ಕಟ್ಕೊಂಡಿದ್ದೆ, ಅದಕ್ಕೆ ಬಂತು. ರಿಪೋರ್ಟಲ್ಲೇ ಬರ್ದಿದಾರೆ. ಬೇಕಾದ್ರೆ ಇವರನ್ನ ಕೇಳಿ."

ಅವ್ವ ನನ್ನ ಕಡೆ ನೋಡಿದಳು. ಗಿರಿಜಾಳೂ ನೋಡಿದಳು. ರಿಪೋರ್ಟಿನಲ್ಲಿ ಹಾಗೇನೂ ಬರೆದಿರಲಿಲ್ಲ.

"ಹೌದವ್ವ" ಎಂದೆ. "ಹಂಗೇ ಬರೆದದೆ."

ಅವ್ವ ಬಹಳ ಹೊತ್ತು ನಿಂತಿದ್ದು, ಆಮೇಲೆ ಬಂದು ಮಂಚದ ಅಂಚಿನಲ್ಲಿ ಕೂತಳು. ಸೊಸೆಯ ಪಾದವನ್ನು ಹೊದಿಕೆಯ ಮೇಲಿನಿಂದಲೇ ಹಿಡಿದುಕೊಂಡಳು. ಇಬ್ಬರೂ ಅಳಲಿಲ್ಲ. ಚೈತ್ರಾ ಕಿಟಕಿಯ ಹತ್ತಿರ ಹೋಗಿ ನಿಂತಳು.

ಈಗ ನಾವು ಮೂಡಿಗೆರೆಯಲ್ಲಿ ಎರಡು ಕೋಣೆಯ ಮನೆಯಲ್ಲಿದ್ದೇವೆ. ವಾರಕ್ಕೆ ಮೂರು ದಿನ ಗಿರಿಜಾಳಿಗೆ ಡಯಾಲಿಸಿಸ್. ಬೆಳಿಗ್ಗೆ ಆಸ್ಪತ್ರೆಗೆ ಬಿಟ್ಟು, ಮಧ್ಯಾಹ್ನ ಕರೆದುಕೊಂಡು ಬರಬೇಕು. ಬಂದವಳು ಸಂಜೆಯವರೆಗೆ ಮಾತಾಡುವುದಿಲ್ಲ. ಅವಳ ಎಡಗೈಯಲ್ಲಿ ರಕ್ತನಾಳ ಜೋಡಿಸಿ, ಮಿಷನ್ನಿನ ಸೂಜಿಗೆಂದು ಫಿಸ್ಟುಲಾ ಮಾಡಿದ್ದಾರೆ. ಆ ಕೈಯಲ್ಲಿ ರೊಟ್ಟಿ ತಟ್ಟುವಂತಿಲ್ಲ, ಕೊಡ ಹೊರುವಂತಿಲ್ಲ. ಕುಡಿಯುವ ನೀರಿಗೂ ಅಳತೆಯಿದೆ. ತೋಟದ ಕೆಲಸವನ್ನು ಧಣಿಗಳು ಉಳಿಸಿದ್ದಾರೆ. ಡಯಾಲಿಸಿಸ್ ಇಲ್ಲದ ದಿನಗಳಲ್ಲಿ ಬಸ್ಸಿಗೆ ಹೋಗಿ ಬರುತ್ತೇನೆ. ಜರಿದ ಗುಡ್ಡ ಹಾಗೇ ಕೆಂಪಗೆ ಬಾಯಿ ತೆರೆದು ನಿಂತಿದೆ. ಹೊಸ ಪೈಪು ಬಂದಿದೆ. ಲೈನಿನಲ್ಲಿ ಆ ಭೇದಿಗೆ ಯಾರೂ ಸಾಯಲಿಲ್ಲ ಎಂಬುದನ್ನು ನಾನು ಆಗಾಗ ನೆನೆಸಿಕೊಳ್ಳುತ್ತೇನೆ. ನೆನೆಸಿಕೊಂಡರೆ ಸ್ವಲ್ಪ ಸಮಾಧಾನ. ಪೂರ್ತಿ ಅಲ್ಲ.

ಮತ್ತೆ ಮಳೆಗಾಲ ಬರುತ್ತದೆ. ಆಗ ಏನು ಎಂದು ನಮಗೆ ಗೊತ್ತಿಲ್ಲ. ಡಾಕ್ಟರು ಕಿಡ್ನಿ ಕಸಿಯ ಮಾತೆತ್ತಿದ್ದಾರೆ. ನಾವು ಹೂಂ ಅಂದಿದ್ದೇವೆ, ಹೆಚ್ಚು ಆಸೆ ಇಟ್ಟುಕೊಂಡಿಲ್ಲ.

ಆದರೆ ಮನೆಯಲ್ಲಿ ಒಂದು ಬದಲಾವಣೆ ಆಗಿದೆ. ನನ್ನ ಅವ್ವ ಬದುಕಿನಲ್ಲಿ ಎಂದೂ ಆ ವಿಷಯವನ್ನು ಬಾಯಿಬಿಟ್ಟು ಆಡಿದವಳಲ್ಲ. ಹೊರಗೆ ಹೋಗಬೇಕಾದರೆ ಚೊಂಬನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗುವವಳು. ಈಗ ಬೆಳಿಗ್ಗೆ ಎದ್ದು, ಹಣೆಗೆ ವಿಭೂತಿ ಇಟ್ಟುಕೊಂಡು, ಅಡಿಗೆಮನೆಯಿಂದಲೇ ಕೂಗುತ್ತಾಳೆ. ನಾನಿರಲಿ, ಅಳಿಯನಿರಲಿ, ಬಾಡಿಗೆ ಮನೆಯ ಯಜಮಾನರು ಬಾಗಿಲಲ್ಲಿ ನಿಂತಿರಲಿ.

"ಗಿರಿಜಾ, ಹೋಗ್ ಬಂದ್ಯಾ?"

"ಹೋಗ್ ಬಂದೆ ಅತ್ತೆ."

"ಸಲೀಸಾಗಿ ಆಯ್ತಾ?"

"ಆಯ್ತು."

ಅದನ್ನು ಕೇಳಿದ ಮೇಲೆ ಅವ್ವ ಒಲೆ ಹಚ್ಚುತ್ತಾಳೆ.